ಮೊಸರು ಹೆಪ್ಪಾಗದ ಊರು

ಇದನ್ನು ಬರೆಯದೆ ಮುಂದೂಡಲು ನನಗೆ ಯಾವಾಗಲೂ ಒಂದು ನೆಪ ಸಿಕ್ಕಿದೆ. ಮೊದಲು ಹೆಂಡತಿಯ ಕಾಯಿಲೆ ಎಂದೆ. ಅವಳು ಹೋದ ಮೇಲೆ ಮನಸ್ಸು ಸರಿಯಿಲ್ಲ ಎಂದೆ. ಆಮೇಲೆ ಕಣ್ಣಿನ ಪೊರೆ ತೆಗೆಸಬೇಕು, ಅಲ್ಲಿಯವರೆಗೆ ಅಕ್ಷರ ಕಾಣುವುದಿಲ್ಲ ಎಂದೆ. ಪೊರೆ ತೆಗೆಸಿ ಬಹಳ ದಿನವಾಯಿತು. ಅಕ್ಷರ ಚೆನ್ನಾಗಿಯೇ ಕಾಣುತ್ತಿದೆ. ಇನ್ನು ಹೇಳಿಕೊಳ್ಳಲು ನೆಪ ಉಳಿದಿಲ್ಲ.

ಕಳೆದ ತಿಂಗಳು ತಮ್ಮನ ಮನೆಯಿಂದ ಸಿಯಾಟಲ್ ಪಕ್ಕದ ಶೋರ್‌ಲೈನ್‌ಗೆ ಹೋಗಿದ್ದೆ. ಈಗ ಅಲ್ಲಿಗೆ ರೈಲು ಬಂದಿದೆ. ನಾವು ಬಾಡಿಗೆಗಿದ್ದ ಕಟ್ಟಡ ಹಾಗೇ ಇದೆ, ಬಣ್ಣ ಮಾತ್ರ ಬೇರೆ. ರಸ್ತೆಯ ಮೂಲೆಯಲ್ಲಿ ಒಂದು ತಳ್ಳುಗಾಡಿ ನಿಂತಿತ್ತು. ಒಬ್ಬ ಹೆಂಗಸು ಕಳಿತ ಬಾಳೆಹಣ್ಣನ್ನು ಉದ್ದಕ್ಕೆ ಸೀಳಿ ಎಣ್ಣೆಯಲ್ಲಿ ಕರಿಯುತ್ತಿದ್ದಳು. ಆ ವಾಸನೆಗೆ ನನ್ನ ಕಾಲು ನಿಂತುಬಿಟ್ಟಿತು. ಅವಳ ಭಾಷೆಯಲ್ಲಿ ನನಗೆ ಉಳಿದಿರುವ ನಾಲ್ಕು ಮಾತಿನಲ್ಲಿ ಬೆಲೆ ಕೇಳಿದೆ. ಅವಳು ಕತ್ತೆತ್ತಿ ನೋಡಿ ನಕ್ಕಳು. ಎಲ್ಲಿ ಕಲಿತೆ ಅಂದಳು. ಕೀಟೊ ಅಂದೆ. ಈಕ್ವೆಡಾರ್ ದೇಶದ ರಾಜಧಾನಿ ಅದು. ಅವಳು ಇನ್ನೊಂದು ತುಂಡು ಕೊಸರು ಹಾಕಿ ಕೊಟ್ಟಳು. ಬಸ್ ಸ್ಟಾಪಿನ ಬೆಂಚಿನಲ್ಲಿ ಕೂತು ತಿನ್ನಲು ನೋಡಿದೆ. ತಿನ್ನದೆ ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ.

ನಾನು ಕುಂದಾಪುರದ ಕಡೆಯವನು. ಎಸ್ಸೆಸ್ಸೆಲ್ಸಿ ಮುಗಿಸಿ ಮುಂಬಯಿಯ ಹೋಟೆಲುಗಳಲ್ಲಿ ಅಡುಗೆ ಕಲಿತೆ. ಮುಂದೆ ಒಂದು ಕಂಪನಿಯವರು ಕೀಟೊದಲ್ಲಿದ್ದ ತಮ್ಮ ಗೆಸ್ಟ್‌ಹೌಸಿಗೆ, ನಮ್ಮ ಕಡೆಯ ಎಂಜಿನಿಯರುಗಳಿಗೆ ಅಡುಗೆ ಮಾಡಲು ನನ್ನನ್ನು ಕರೆದುಕೊಂಡು ಹೋದರು. ಐದು ವರ್ಷ ಅಲ್ಲಿದ್ದೆ. ಹೆಂಡತಿ ಗಿರಿಜಾ ಊರಿನಲ್ಲೇ ಇದ್ದಳು. ನಮಗೆ ಮಕ್ಕಳಿಲ್ಲ. ತಮ್ಮ ಸಿಯಾಟಲ್‌ನಲ್ಲಿ ನೆಲೆಸಿದ್ದ. ನಮ್ಮನ್ನು ಅಲ್ಲಿಗೆ ಕರೆಸಿಕೊಳ್ಳಲು ಅವನು ಯಾವಾಗಲೋ ಹಾಕಿದ್ದ ಅರ್ಜಿ, ನಾವು ಮರೆತೇಬಿಟ್ಟಿದ್ದಾಗ ಮಂಜೂರಾಯಿತು. ಹಾಗೆ ಐವತ್ತೈದು ದಾಟಿದ ಮೇಲೆ ಗಂಡಹೆಂಡತಿ ಇಬ್ಬರೂ ಶೋರ್‌ಲೈನ್‌ಗೆ ಬಂದೆವು. ಟಕ್ವಿಲಾದ ಗೋದಾಮುಗಳ ಸಾಲಿನಲ್ಲಿ, ಆಫೀಸುಗಳಿಗೆ ಊಟದ ಡಬ್ಬಿ ಕಳಿಸುವ ಒಂದು ಅಡುಗೆಮನೆಯಲ್ಲಿ ನನಗೆ ಕೆಲಸ ಸಿಕ್ಕಿತು. ಬೆಳಕು ಹರಿಯುವ ಮೊದಲೇ ಬಸ್ಸು ಹಿಡಿದು ಹೋಗುತ್ತಿದ್ದೆ.

2006ರ ಸೆಪ್ಟೆಂಬರಿನಲ್ಲಿ ಗಿರಿಜಾಳಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ, ಬಲಗಾಲು ಹೋದವು. ಮಾತೂ ಹೋಯಿತು. ತಿಳಿವಳಿಕೆ ಮಾತ್ರ ಚೂರೂ ಕೆಡಲಿಲ್ಲ. ನಾವು ಹೇಳುವುದೆಲ್ಲ ಗೊತ್ತಾಗುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಹಗಲು ಯಾರಾದರೂ ಜೊತೆಗಿರಲೇಬೇಕು ಎಂದರು. ವಿಚಾರಿಸಿದರೆ ಹಾಗೆ ನೋಡಿಕೊಳ್ಳುವವರಿಗೆ ಒಂದು ಗಂಟೆಗೆ ಕೊಡುವ ದುಡ್ಡು ನಾನು ಎರಡು ಗಂಟೆ ಈರುಳ್ಳಿ ಹೆಚ್ಚಿದರೂ ಹುಟ್ಟುತ್ತಿರಲಿಲ್ಲ. ಕೆಲಸ ಬಿಟ್ಟರೆ ಬಾಡಿಗೆ ಇಲ್ಲ. ಕೆಲಸಕ್ಕೆ ಹೋದರೆ ಗಿರಿಜಾಳಿಗೆ ಯಾರೂ ಇಲ್ಲ.

ಆಗ ಮೇಲಿನ ಮನೆಯ ಹುಡುಗಿ ಇಳಿದು ಬಂದಳು.

ಚನ್ನರಾಯಪಟ್ಟಣದ ಕಡೆಯವಳು. ಇಪ್ಪತ್ತೆಂಟೋ ಮೂವತ್ತೋ ಇರಬೇಕು. ಎರಡೂವರೆ ವರ್ಷದ ಮಗಳು, ಚಿನ್ನು. ಗಂಡ ಶ್ರೀಧರ ಎಂಜಿನಿಯರು. ಅಲ್ಲಿಯವರೆಗೆ ಮೆಟ್ಟಿಲ ಮೇಲೆ ಸಿಕ್ಕರೆ ನಗುವಷ್ಟೇ ಪರಿಚಯ. ಗಿರಿಜಾ ಮನೆಗೆ ಬಂದ ದಿನ ಒಂದು ಪಾತ್ರೆ ತಿಳಿಸಾರು ತಂದಳು. ಮಾರನೆಯ ದಿನ ಬಂದವಳು ಸೊಂಟಕ್ಕೆ ಸೆರಗಿನ ಹಾಗೆ ದುಪ್ಪಟ್ಟ ಬಿಗಿದು, "ಅಂಕಲ್, ನೀವು ಕೆಲ್ಸಕ್ಕೆ ಹೋಗಿ. ಆಂಟೀನ ನಾನು ನೋಡ್ಕೋತೀನಿ" ಅಂದಳು. ದುಡ್ಡಿನ ಮಾತೆತ್ತಿದೆ. ಅವಳ ಮುಖ ಸಣ್ಣಗಾಯಿತು.

"ನಮ್ಮಮ್ಮಂಗೆ ಮಾಡಿದ್ರೆ ಬಿಲ್ ಕೊಡ್ತಿದ್ನಾ ಅಂಕಲ್? ಸುಮ್ನೆ ಹೋಗಿ, ಬಸ್ ತಪ್ಪುತ್ತೆ."

ನಾನು ಸಂಜೆ ಬರುವ ಹೊತ್ತಿಗೆ ಗಿರಿಜಾಳ ಸ್ನಾನ ಆಗಿರುತ್ತಿತ್ತು. ತಲೆ ಬಾಚಿ ಜಡೆ ಹೆಣೆದಿರುತ್ತಿತ್ತು. ಹಣೆಗೆ ಕುಂಕುಮ. ನಾನು ಇಟ್ಟಿದ್ದರೆ ಅಷ್ಟು ದುಂಡಗೆ ಬರುತ್ತಿರಲಿಲ್ಲ. ಚಿನ್ನು ಗಿರಿಜಾಳ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, "ವೇಕ್ ಅಪ್, ಅಜ್ಜಿ ಫಿಂಗರ್ಸ್!" ಎಂದು ಎಬ್ಬಿಸುತ್ತಿದ್ದಳು. ಗಿರಿಜಾ ಅರ್ಧ ಬಾಯಲ್ಲಿ ನಗುತ್ತಿದ್ದಳು. ಆ ಮಳೆಗಾಲ ನಮ್ಮ ಮನೆಯಲ್ಲಿದ್ದ ನಗು ಅಷ್ಟೇ. ಸಿಯಾಟಲ್‌ನ ಮಳೆ ನಮ್ಮೂರಿನಂತೆ ಭೋರ್ಗರೆಯುವುದಿಲ್ಲ. ಬೂದು ಬಣ್ಣದ ಒದ್ದೆ ಬಟ್ಟೆಯನ್ನು ಊರಿನ ಮೇಲೆ ಹೊದಿಸಿದಂತೆ ತಿಂಗಳುಗಟ್ಟಲೆ ಇರುತ್ತದೆ. ಅದರೊಳಗಿಂದ ಬಂದು ಬಾಗಿಲು ತೆಗೆದರೆ ಒಗ್ಗರಣೆಯ ವಾಸನೆ, ಮಗುವಿನ ಸದ್ದು. ಇಷ್ಟನ್ನು ಕಳೆದುಕೊಳ್ಳುವ ಭಯ ನನ್ನಲ್ಲಿ ಯಾವಾಗ ಹುಟ್ಟಿತೋ ನನಗೇ ಗೊತ್ತಾಗಲಿಲ್ಲ.

ಅವಳ ಗಂಡನನ್ನು ಕಂಪನಿಯವರು ಆ ಆಗಸ್ಟಿನಲ್ಲೇ ಕೀಟೊಗೆ ಕಳಿಸಿದ್ದರು. ಪ್ರಪಂಚದಲ್ಲಿ ಇಷ್ಟು ಊರುಗಳಿರುವಾಗ ಕೀಟೊಗೇ! ಒಂದೂವರೆ ವರ್ಷದ ಕೆಲಸ. ಸಂಬಳ ಕೊಡುತ್ತಾರೆ, ಅಲ್ಲಿನ ಮನೆ ಬಾಡಿಗೆ, ಊಟತಿಂಡಿ ಎಲ್ಲ ಇವರದೇ ಖರ್ಚು. ಶ್ರೀಧರ ಮೊದಲು ಹೋಗಿ, ಮನೆ ನೋಡಿ, ಹೆಂಡತಿ ಮಗಳನ್ನು ಕರೆಸಿಕೊಳ್ಳುವುದೆಂದು ಮಾತಾಗಿತ್ತು. ಅವರ ಕೈಯಲ್ಲಿದ್ದ ಹಣ ಹೆಚ್ಚಿಲ್ಲ. ಅವನ ತಂಗಿಯ ಮದುವೆ ಆಗಷ್ಟೇ ಮುಗಿದಿತ್ತು. ಅಲ್ಲಿ ಸಂಸಾರ ಹೂಡಿದರೆ ಖರ್ಚು ತೂಗುತ್ತದೆಯೇ ಎಂಬುದೇ ಅವಳ ಚಿಂತೆ.

ಅಕ್ಟೋಬರಿನ ಒಂದು ಭಾನುವಾರ ಮಧ್ಯಾಹ್ನ ಅವಳು ಗಿರಿಜಾಳಿಗೆ ಗಂಜಿ ತಿನ್ನಿಸುತ್ತ ಕೂತಿದ್ದಳು. ನಾನು ಎದುರಿಗೆ ಬೆಳ್ಳುಳ್ಳಿ ಬಿಡಿಸುತ್ತಿದ್ದೆ.

"ಅಂಕಲ್, ನೀವು ಐದು ವರ್ಷ ಇದ್ದೋರು. ಸರಿಯಾಗಿ ಹೇಳಿ. ಅಲ್ಲಿ ಒಲೆ ಹೇಗೆ? ಇಲ್ಲಿ ಥರ ಕರೆಂಟಿಂದಾ?"

"ಸಿಲಿಂಡರ್ ಮಗಾ. ನಮ್ಮೂರ ಹಾಗೇ. ಲಾರಿಯಲ್ಲಿ ತರ್ತಾರೆ. ಹಾರ್ನ್ ಹೊಡೀತಾ ಬೀದಿಬೀದಿ ಬರ್ತಾರೆ. ಅಲ್ಲೂ ಡಾಲರೇ ನಡೀತದೆ, ಒಂದಕ್ಕೆ ಎರಡು ಡಾಲರ್ ಕೂಡ ಇಲ್ಲ."

"ಎರಡು ಡಾಲರ್ರಾ! ಇಲ್ಲಿ ಕಾಫಿ ಬರಲ್ಲ ಅದಕ್ಕೆ. ಬಸ್ಸು?"

"ನಾಲ್ಕಾಣೆ. ಅಂದ್ರೆ ಕಾಲು ಡಾಲರ್. ಊರಿನ ಆ ತುದಿಗೂ ಅಷ್ಟೇ."

"ತರಕಾರಿ ಉಂಟಾ ಅಂಕಲ್?" ಅವಳು ನನ್ನ ಮಾತಿನ ಧಾಟಿಯನ್ನು ಆಡಿಕೊಂಡಳು. "ಎಲ್ಲದಕ್ಕೂ ಉಂಟು ಉಂಟು ಅಂತೀರಲ್ಲ, ಏನೇನುಂಟು ಬಿಡಿಸಿ ಹೇಳಿ."

ನನಗೆ ಹುರುಪು ಬಂತು. ಸಂತೆಯನ್ನೇ ಬಿಡಿಸಿಟ್ಟೆ. ಕರಾವಳಿಯಿಂದ ತೆಂಗಿನಕಾಯಿ ಬರುತ್ತದೆ, ಹುಣಸೆಹಣ್ಣು ಬರುತ್ತದೆ, ಹಸಿಮಾವಿನಕಾಯಿಗೆ ಉಪ್ಪು ಹಚ್ಚಿ ಮಾರುತ್ತಾರೆ. ಬಾಳೆಕಾಯಿಯಂತೂ ಕೇಳುವುದೇ ಬೇಡ. ತೊಗರಿಯ ದಾಯಾದಿಯಂಥ ಒಂದು ಕಾಳು ಸಿಗುತ್ತದೆ, ಸಾಂಬಾರಿಗೆ ಯಾರೂ ಬೆರಳು ತೋರಿಸುವ ಹಾಗಿಲ್ಲ. ಕರಿಬೇವು ಒಂದಿಲ್ಲ. ನಾನು ಖಾಯಂ ಕೊಳ್ಳುತ್ತಿದ್ದ ತರಕಾರಿಯವಳು ತೂಕ ಮುಗಿದ ಮೇಲೆ ಒಂದು ಹಿಡಿ ಕೊತ್ತಂಬರಿ ಚೀಲಕ್ಕೆ ತುರುಕುತ್ತಿದ್ದಳು. ನಮ್ಮ ಕೊಸರು ಇದ್ದಂತೆಯೇ, ಅವರದಕ್ಕೂ ಒಂದು ಹೆಸರಿದೆ. ಮಧ್ಯಾಹ್ನ ಸಣ್ಣ ಹೋಟೆಲಿನಲ್ಲಿ ಎರಡು ಡಾಲರಿಗೆ ಸೂಪು, ಅನ್ನ, ಹಣ್ಣಿನ ರಸ. ಒಂದು ಗುಟ್ಟು ಮಾತ್ರ ತಿಳಿದಿರಬೇಕು ಅಂದೆ. ಹೊರದೇಶದಿಂದ ಹೋದವರು ಅಲ್ಲೂ ತಮ್ಮ ದೇಶದ್ದೇ ಚೀಸು, ತಮ್ಮ ದೇಶದ್ದೇ ಡಬ್ಬಿ ಬೇಕೆಂದು ದೊಡ್ಡ ಅಂಗಡಿಗೆ ನುಗ್ಗಿದರೆ ಇಲ್ಲಿಗಿಂತ ದುಬಾರಿ. ಅಲ್ಲಿಯವರ ಹಾಗೆ ಸಂತೆಗೆ ಹೋದರೆ ಸಂಬಳದಲ್ಲಿ ಅರ್ಧ ಉಳಿಯುತ್ತದೆ.

ಅವಳ ಕಣ್ಣುಗಳು ಅರಳಿದವು. ಚಮಚ ಕೈಯಲ್ಲೇ ನಿಂತಿತ್ತು.

"ಶ್ರೀ ಒಂದು ಮನೆ ನೋಡಿ ಅಡ್ವಾನ್ಸ್ ಕೊಟ್ಟಿದಾರೆ ಅಂಕಲ್. ತಾರಸಿಯಿಂದ ಹಿಮದ ಬೆಟ್ಟ ಕಾಣುತ್ತಂತೆ. ಚಿನ್ನುಗೆ ಅಂತ ಪುಟ್ಟ ಮಂಚಾನೂ ತಂದಿಟ್ಟಿದಾರೆ. ಹಾಗಾದ್ರೆ ಇನ್ನೇನು, ಟಿಕೆಟ್ ಬುಕ್ ಮಾಡು ಅಂದ್ಬಿಡ್ತೀನಿ. ಒಂದೇ ಅನುಮಾನ. ಈ ನಮ್ಮ ಮಹಾರಾಣಿಗೆ ಮೂರು ಹೊತ್ತೂ ಮೊಸರನ್ನ ಬೇಕಲ್ಲ."

"ನೋ ಗಂಜಿ. ಐ ವಾಂಟ್ ಮೊಸರನ್ನ," ಎಂದಿತು ಕೆಳಗಿನಿಂದ ಮಹಾರಾಣಿ.

"ನೋಡಿದ್ರಾ? ಶ್ರೀ ಅಲ್ಲಿ ಮೂರ್ನಾಲ್ಕು ಸಲ ಹೆಪ್ಪು ಹಾಕಿ ನೋಡಿದ್ರಂತೆ. ಆಗ್ಲೇ ಇಲ್ವಂತೆ. ನೀರು ನೀರಾಗಿ ವಾಸನೆ ಬಂತಂತೆ. ಅಷ್ಟು ಎತ್ತರದ ಊರಲ್ವಾ, ಅದಕ್ಕೇನಾ ಅಂಕಲ್? ಅಲ್ಲಿ ಮೊಸರು ಆಗಲ್ವಾ?"

ಕೀಟೊ ಒಂಬತ್ತು ಸಾವಿರ ಅಡಿ ಎತ್ತರದಲ್ಲಿದೆ. ಅಲ್ಲಿ ಬೇಳೆ ಬೇಯಲು ಹೊತ್ತು ಹಿಡಿಯುತ್ತದೆ, ನಿಜ. ಆದರೆ ಐದು ವರ್ಷ ನಾನು ಅಲ್ಲಿ ದಿನಾ ಮೊಸರು ಮಾಡಿದ್ದೇನೆ. ಶ್ರೀಧರನಿಗೆ ಯಾಕೆ ಆಗಲಿಲ್ಲ ಎಂದು ನನಗೆ ಆ ಕ್ಷಣವೇ ಗೊತ್ತಾಯಿತು. ಹುಡುಗ ಡಬ್ಬಿಯ ಹಾಲಿಗೆ ಅಂಗಡಿಯ ಸಿಹಿ ಮೊಸರನ್ನು ಹಾಕಿ, ತಣ್ಣನೆಯ ಕಲ್ಲಿನ ಕಟ್ಟೆಯ ಮೇಲೆ ಇಟ್ಟು ಮಲಗಿರುತ್ತಾನೆ. ಹಸಿಹಾಲು ತಂದು ಕಾಯಿಸು, ಸಿಹಿಯಿಲ್ಲದ ಹೆಪ್ಪು ಹಾಕು, ಪಾತ್ರೆಗೆ ಉಣ್ಣೆ ಬಟ್ಟೆ ಸುತ್ತಿಡು, ಅಷ್ಟೇ. ಒಂದು ಉಸಿರಿನಲ್ಲಿ ಹೇಳಬಹುದಾದ ಮಾತು.

ಅವಳ ಹಿಂದೆ ಗಿರಿಜಾ ಕೂತಿದ್ದಳು. ಕೊರಳಿಗೆ ಶುಭ್ರವಾದ ಟವೆಲು. ಬಾಯಿಂದ ಜಾರಿದ ಗಂಜಿಯನ್ನು ಆ ಹುಡುಗಿ ಬೆರಳಿನಿಂದಲೇ ಒರೆಸಿದ್ದಳು, ಅಸಹ್ಯಪಡದೆ. ಇವಳು ಹೋದರೆ ಯಾರು ಎಂದು ಯೋಚಿಸಿದೆ.

"ಆಗುದಿಲ್ಲ ಮಗಾ," ಅಂದೆ. "ಅದೊಂದು ಅಲ್ಲಿ ಆಗುದೇ ಇಲ್ಲ. ಗಾಳಿ ಹಾಗೆ. ನಾನೂ ಎಷ್ಟೋ ಸಲ ನೋಡಿ ಸೋತದ್ದು."

ಒಂದು ಸುಳ್ಳು ಹೇಳಿದವನಿಗೆ ಎರಡನೆಯದು ಹುಡುಕಬೇಕಾಗಿಲ್ಲ. ಈಗೀಗ ಬೆಲೆಯೆಲ್ಲ ಏರಿದೆಯಂತೆ ಅಂದೆ. ಮಗುವಿದ್ದರೆ ಸಂತೆಯ ಮಾಲು ಆಗುವುದಿಲ್ಲ, ದೊಡ್ಡ ಅಂಗಡಿಗೇ ಹೋಗಬೇಕಾಗುತ್ತದೆ ಅಂದೆ. ಹಾಲಿನ ಪುಡಿ, ಡಯಾಪರು, ಔಷಧಿ ಎಲ್ಲ ಹೊರಗಿನಿಂದ ಬರಬೇಕು, ಕೈ ಸುಡುತ್ತದೆ. ಹೊರದೇಶದವರೆಂದು ತಿಳಿದರೆ ಬಾಡಿಗೆ ಎರಡರಷ್ಟು. ಕಾವಲಿನವನಿಗೆ ಬೇರೆ ಕೊಡಬೇಕು. ಐದು ನಿಮಿಷದ ಹಿಂದೆ ನಾನೇ ಬೇಡವೆಂದಿದ್ದ ಬದುಕಿನ ಖರ್ಚನ್ನೆಲ್ಲ ಅವಳ ತಲೆಗೆ ಕಟ್ಟಿದೆ.

ಅವಳು ನಿಧಾನವಾಗಿ ಚಮಚವನ್ನು ಬಟ್ಟಲಿಗೆ ಇಳಿಸಿದಳು. "ಹೌದಾ?" ಅಂದಳು. ಆಮೇಲೆ ಇನ್ನೊಂದು ಚಮಚ ಗಂಜಿಯನ್ನು ಗಿರಿಜಾಳ ಬಾಯಿಗೆ ಹಿಡಿದಳು. ಗಿರಿಜಾ ಬಾಯಿ ತೆರೆಯಲಿಲ್ಲ. ಗೋಡೆಯ ಕಡೆ ಮುಖ ತಿರುಗಿಸಿದಳು.

ಗಿರಿಜಾಳಿಗೆ ಎಲ್ಲ ಗೊತ್ತಿತ್ತು. ಆ ಐದು ವರ್ಷ ಪ್ರತಿ ವಾರ ಫೋನಿನಲ್ಲಿ ಅವಳು ಕೇಳುತ್ತಿದ್ದದ್ದು ಅದನ್ನೇ: "ಇವತ್ ಎಂತ ಅಡ್ಗಿ? ಕಾಯಿಗೆಷ್ಟ್? ಮೊಸ್ರ್ ಹೆಪ್ಪಾಯ್ತಾ?" ಕೀಟೊದ ಚಳಿಯಲ್ಲಿ ಮೊದಲ ಸಲ ನನಗೂ ಮೊಸರು ಆಗದಿದ್ದಾಗ, ಪಾತ್ರೆಗೆ ಸ್ವೆಟರ್ ಸುತ್ತಲು ಹೇಳಿಕೊಟ್ಟವಳೇ ಅವಳು.

ಆ ಸಂಜೆ ಶ್ರೀಧರ ಫೋನ್ ಮಾಡಿದ. ಅವಳು ನನ್ನೆದುರೇ ಸ್ಪೀಕರ್ ಹಾಕಿದಳು.

"ಅಂಕಲ್ ಹೇಳಿದ್ದು ನಿಜ ಕಣೇ," ಎಂದಿತು ಅವನ ದನಿ. "ಆಫೀಸಿನವರು ತೋರಿಸಿದ ಅಂಗಡಿಗೆ ಹೋದ್ರೆ ಒಂದು ಚೀಲ ಸಾಮಾನಿಗೆ ಅಲ್ಲಿಗಿಂತ ಜಾಸ್ತಿ ಬೀಳುತ್ತೆ. ಐದು ವರ್ಷ ಇದ್ದು ಅಡುಗೆ ಮಾಡ್ದೋರೇ ಮೊಸರಾಗಲ್ಲ ಅಂದ್ಮೇಲೆ ಮುಗೀತು. ಚಿನ್ನು ಏನ್ ತಿಂತಾಳೆ ಇಲ್ಲಿ?" ಆಮೇಲೆ ಅವನೇ ಅಂದ: "ಹೋಗ್ಲಿ ಬಿಡು. ಆ ಮನೆ ಬಿಟ್ಬಿಡ್ತೀನಿ. ನಂಗೊಬ್ಬನಿಗೆ ಒಂದು ರೂಮ್ ಸಾಕು."

"ಮಂಚ?" ಅಂದಳು ಅವಳು.

"ಯಾರಿಗಾದ್ರೂ ಕೊಡ್ತೀನಿ."

ಅವನಿಗೆ ಅಡುಗೆ ಬರುತ್ತಿರಲಿಲ್ಲ. ಸಂತೆಯ ದಾರಿ ಗೊತ್ತಿರಲಿಲ್ಲ. ಅವನು ಕಂಡಿದ್ದ ಅರ್ಧ ಊರಿಗೆ ನನ್ನ ಸುಳ್ಳು ಸರಿಯಾಗಿ ಹೊಂದಿಕೊಂಡಿತು. ಅದೇ ನನ್ನ ಅದೃಷ್ಟ ಎಂದು ಆ ದಿನ ಅಂದುಕೊಂಡೆ. ದೇವರಾಣೆ, ಹಾಗೇ ಅಂದುಕೊಂಡೆ.

ನವೆಂಬರಿನಲ್ಲಿ ಗಿರಿಜಾಳಿಗೆ ಒಂದೆರಡು ಮಾತು ಹಿಂದಿರುಗಿದವು. ಮೊದಲು ಬಂದದ್ದು "ನೀರ್". ಎರಡನೆಯದು "ಹೇಳಿ". ನಾನು ಸಂಜೆ ಪಕ್ಕದಲ್ಲಿ ಕೂತರೆ ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದು, ಮೇಲಿನ ಮನೆಯ ಕಡೆ ಕಣ್ಣು ತೋರಿಸಿ, "ಹೇಳಿ" ಎನ್ನುತ್ತಿದ್ದಳು. ಏನು ಹೇಳಬೇಕು, ನೀರು ಬೇಕಾ, ಟಿವಿ ಹಾಕಲಾ ಎಂದು ನಾನು ದಡ್ಡನಂತೆ ಕೇಳುತ್ತಿದ್ದೆ. ನಲವತ್ತು ವರ್ಷಕ್ಕೆ ಹತ್ತಿರವಾದ ಸಂಸಾರದಲ್ಲಿ ಅವಳ ಮಾತು ಅಷ್ಟು ಸ್ಪಷ್ಟವಾಗಿ ಯಾವತ್ತೂ ಅರ್ಥವಾಗಿರಲಿಲ್ಲ. ಅದೇ ಮಾತು ಅರ್ಥವಾಗಲಿಲ್ಲವೆಂದು ನಟಿಸಿದೆ. ಅವಳು ಸಿಟ್ಟಿನಿಂದ ಅತ್ತದ್ದೂ ಉಂಟು. ಮರುದಿನ ಆ ಹುಡುಗಿ, "ಅಂಕಲ್, ಆಂಟಿ ಯಾಕೋ ಡಲ್ಲಾಗಿದಾರೆ. ನೀವೇನಾದ್ರೂ ಬೈದ್ರಾ?" ಎಂದು ನನ್ನನ್ನೇ ಗದರಿಸಿದಳು.

ಡಿಸೆಂಬರಿನಲ್ಲಿ ಬಿರುಗಾಳಿ ಬೀಸಿತು. ಮರಗಳು ತಂತಿಯ ಮೇಲೆ ಉರುಳಿ ಊರಿಗೆ ಊರೇ ಕತ್ತಲಾಯಿತು. ನಮ್ಮ ಕಟ್ಟಡದಲ್ಲಿ ಒಲೆ, ಹೀಟರ್ ಎಲ್ಲ ಕರೆಂಟಿನದೇ. ಅವಳು ಮಗುವನ್ನು ಎತ್ತಿಕೊಂಡು, ಮನೆಯ ಕಂಬಳಿಗಳನ್ನೆಲ್ಲ ಹೊತ್ತುಕೊಂಡು ಕೆಳಗೇ ಬಂದುಬಿಟ್ಟಳು. ಒಂದೇ ಕೋಣೆಯಲ್ಲಿ ನಾಲ್ವರೂ ಇದ್ದೆವು. ಕೆಲಸದ ಮನೆಯಿಂದ ತಂದಿದ್ದ ಸಣ್ಣ ಗ್ಯಾಸ್ ಒಲೆಯನ್ನು ಹೊರಗೆ ಬಾಲ್ಕನಿಯಲ್ಲಿಟ್ಟು ನಾನು ಅಡುಗೆ ಮಾಡುತ್ತಿದ್ದೆ. ಚಿನ್ನು ಟಾರ್ಚಿನ ಬೆಳಕಿನಲ್ಲಿ ಗೋಡೆಯ ಮೇಲೆ ಮೊಲ ಮಾಡುವುದನ್ನು ಗಿರಿಜಾಳ ಎಡಗೈಯಿಂದ ಕಲಿತಳು.

ಹೆಪ್ಪು ಹಾಕಿದ ಪಾತ್ರೆಯನ್ನು ಆ ಹುಡುಗಿ ಎಂದಿನಂತೆ ಓವನ್ನಿನೊಳಗೆ ದೀಪ ಹಾಕಿ ಇಡುವ ಹಾಗಿರಲಿಲ್ಲ. ಬೆಚ್ಚಗಿನ ಹಾಲಿಗೆ ಹೆಪ್ಪು ಹಾಕಿ, ಶ್ರೀಧರ ಬಿಟ್ಟುಹೋಗಿದ್ದ ದಪ್ಪ ಸ್ವೆಟರನ್ನು ಪಾತ್ರೆಗೆ ತೊಡಿಸಿ, ತೋಳುಗಳನ್ನು ಸುತ್ತಿ ಗಂಟು ಹಾಕಿದಳು. ಅದನ್ನು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ಬೆಳಿಗ್ಗೆ ಬಿಚ್ಚಿದಾಗ ಪಾತ್ರೆ ಓರೆ ಮಾಡಿದರೂ ಅಲುಗದ ಗಟ್ಟಿ ಮೊಸರು.

"ಅಂಕಲ್, ನೋಡಿ ಇಲ್ಲಿ! ಕರೆಂಟಿಲ್ಲ, ಹೀಟರ್ ಇಲ್ಲ, ಉಸಿರು ಬಿಟ್ರೆ ಹೊಗೆ ಬರ್ತಿದೆ. ಆದ್ರೂ ಆಯ್ತು!" ಆಮೇಲೆ ಪಾತ್ರೆಯನ್ನೇ ನೋಡುತ್ತ ನಿಂತಳು. "ಹೀಗೆ ಮಾಡಿದ್ರೆ ಅಲ್ಲೂ ಆಗ್ತಿತ್ತೇನೋ, ಅಲ್ವಾ?"

ಗಿರಿಜಾ ದಿಂಬಿನಿಂದ ತಲೆಯೆತ್ತಿದಳು. ಅವಳ ಕಣ್ಣು ನನ್ನ ಮೇಲಿತ್ತು. ನಿಜ ಹೇಳಲು ಬಾಗಿಲು ತಾನಾಗಿ ತೆರೆದುಕೊಂಡಿತ್ತು. ಹೌದು ಮಗಾ, ಆಗುತ್ತಿತ್ತು, ಈಗಲೂ ಆಗುತ್ತದೆ, ಹೊರಡು ಎಂದರೆ ಸಾಕಿತ್ತು. ಶ್ರೀಧರನ ಕೆಲಸ ಇನ್ನೂ ಒಂದು ವರ್ಷದ ಮೇಲೆ ಬಾಕಿಯಿತ್ತು.

"ಇದು ಸಮುದ್ರದ ಊರು ಮಗಾ," ಅಂದೆ. "ಅಲ್ಲಿಯ ಲೆಕ್ಕ ಬೇರೆ."

"ಅದೂ ಸರಿ," ಎಂದಳು. ಮೊದಲನೆಯ ಸುಳ್ಳನ್ನು ಭಯದಲ್ಲಿ ಹೇಳಿದೆ ಎನ್ನಬಹುದು. ಇದನ್ನು ಬಿಸಿ ಕಾಫಿಯ ಲೋಟ ಹಿಡಿದುಕೊಂಡು, ಸಮಾಧಾನವಾಗಿ ಹೇಳಿದೆ. ಅವಳು ಮಗುವಿಗೆ ಅನ್ನ ಕಲಸಿದಳು, ಮೇಲಿನ ಕೆನೆಯನ್ನೆಲ್ಲ ಒತ್ತರಿಸಿ ಗಿರಿಜಾಳ ಬಟ್ಟಲಿಗೆ ಹಾಕಿದಳು.

ವಸಂತ ಬಂತು. ಬೀದಿಯ ಚೆರ್ರಿ ಮರಗಳು ಹೂ ಬಿಟ್ಟವು. ಆ ಹುಡುಗಿ ಗಿರಿಜಾಳನ್ನು ತೋಳು ಹಿಡಿದು ದಿನಾ ನಡೆಸಿದಳು. ಮೊದಲು ಬಾಗಿಲವರೆಗೆ, ಆಮೇಲೆ ಅಂಚೆಪೆಟ್ಟಿಗೆಯವರೆಗೆ, ಬೇಸಿಗೆಯ ಹೊತ್ತಿಗೆ ಮೂಲೆಯ ಬಸ್ ಸ್ಟಾಪಿನವರೆಗೆ. "ಬನ್ನಿ ಆಂಟಿ, ಇವತ್ತು ಆ ಮರ ಮುಟ್ಟಿ ಬಂದ್ರೆ ಬೋಂಡ ಮಾಡ್ತೀನಿ" ಎಂಬ ಆಸೆ ತೋರಿಸುವಳು. ಗಿರಿಜಾಳ ಮಾತು ತೊದಲುತ್ತ ತೊದಲುತ್ತ ಹಿಂದಿರುಗಿತು. ವಾಕ್ಯ ಕೂಡಿಸಲು ಬಂದ ದಿನದಿಂದ ನನಗೆ ಒಂದೇ ಯೋಚನೆ. ನಾನು ಕೆಲಸದಲ್ಲಿರುವಾಗ ಅವಳು ಹೇಳಿಬಿಟ್ಟರೆ? ಕೊನೆಗೆ ನಾನೇ ಕೇಳಿದೆ, ಹೇಳಿದೆಯಾ ಎಂದು.

"ನಾ ಎಂತಕ್ ಹೇಳ್ಲಿ?" ಅಂದಳು. ಒಂದೊಂದು ಅಕ್ಷರಕ್ಕೂ ತುಟಿ ಹೆಣಗುತ್ತಿತ್ತು. "ಸುಳ್ ಹೇಳದ್ ನೀವ್. ನೀವೇ ಹೇಳ್ಕ್."

ನಾಳೆ ಹೇಳುತ್ತೇನೆ ಅಂದೆ. ಮಳೆ ನಿಲ್ಲಲಿ ಅಂದೆ. ನೀನು ಒಬ್ಬಳೇ ನಡೆಯುವ ಹಾಗಾಗಲಿ, ಆಮೇಲೆ ಅಂದೆ. ಗಿರಿಜಾ ಒಬ್ಬಳೇ ನಡೆಯುವ ಹೊತ್ತಿಗೆ ಹೇಳಿ ಪ್ರಯೋಜನವಿರಲಿಲ್ಲ. ಶ್ರೀಧರನ ಕೆಲಸ ಮುಗಿಯುತ್ತ ಬಂದಿತ್ತು.

ನಡುವೆ ಅವನಿಗೆ ರಜೆ ಸಿಕ್ಕಿರಲಿಲ್ಲ. 2008ರ ಫೆಬ್ರವರಿಯಲ್ಲಿ ಬಂದ. ತಮ್ಮನ ಕಾರು ತೆಗೆದುಕೊಂಡು ನಾನೇ ತಾಯಿ ಮಗಳನ್ನು ವಿಮಾನ ನಿಲ್ದಾಣಕ್ಕೆ ಕರೆದುಕೊಂಡು ಹೋದೆ. ಅವಳು ಹಸಿರು ಸೀರೆ ಉಟ್ಟಿದ್ದಳು. ಚಿನ್ನುವಿಗೆ ನಾಲ್ಕು ತುಂಬಿತ್ತು. ದಾರಿಯುದ್ದಕ್ಕೂ ಅಮ್ಮ ಅವಳಿಗೆ ಪಾಠ ಹೇಳಿಕೊಟ್ಟಿದ್ದಳು: "ಅಪ್ಪ ಬಂದ ತಕ್ಷಣ ಓಡಿಹೋಗಿ ತಬ್ಕೋಬೇಕು, ಆಯ್ತಾ?"

ಶ್ರೀಧರ ಗಾಜಿನ ಬಾಗಿಲಿನಿಂದ ಹೊರಗೆ ಬಂದ. ಸೊರಗಿದ್ದ. ಮಗಳನ್ನು ಕಂಡವನೇ ಪೆಟ್ಟಿಗೆ ಬಿಟ್ಟು ಮಂಡಿಯೂರಿ ಎರಡೂ ತೋಳು ಚಾಚಿದ. ಚಿನ್ನು ಓಡಿದಳು. ಓಡಿ ಬಂದು ನನ್ನ ಕಾಲಿನ ಹಿಂದೆ ಅಡಗಿಕೊಂಡು ನನ್ನ ಪ್ಯಾಂಟನ್ನು ಬಿಗಿಯಾಗಿ ಹಿಡಿದಳು.

"ಅಜ್ಜ, ಹೂ ಈಸ್ ದಟ್ ಅಂಕಲ್?" ಎಂದಳು.

ಅವನು ಚಾಚಿದ ತೋಳುಗಳನ್ನು ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡಿದ್ದ. ಆಮೇಲೆ ಅದನ್ನು ಮರೆಸಲು ಶೂವಿನ ದಾರ ಕಟ್ಟತೊಡಗಿದ. ಬಿಚ್ಚಿರದ ದಾರವನ್ನು ಬಿಚ್ಚಿ ಮತ್ತೆ ಕಟ್ಟಿದ. "ಪರವಾಗಿಲ್ಲ, ಹೊಸಬರಲ್ವಾ," ಎಂದು ನಗಲು ನೋಡಿದ. ಆ ಹುಡುಗಿ ಸೀರೆಯ ಸೆರಗಿನಿಂದ ಮುಖ ಒರೆಸಿಕೊಂಡಳು. ನನ್ನ ಕಾಲಿಗೆ ಒತ್ತಿಕೊಂಡಿದ್ದ ಮಗುವಿನ ಬಿಸಿ ಉಸಿರು ಬಟ್ಟೆಯೊಳಗಿಂದ ತಾಗುತ್ತಿತ್ತು. ನಾನು ತೆಗೆದುಕೊಂಡದ್ದು ಏನು ಎಂದು ಅಲ್ಲಿ, ಆ ನಿಲ್ದಾಣದ ಗದ್ದಲದಲ್ಲಿ ಕಣ್ಣಾರೆ ಕಂಡೆ.

ಮೂರು ತಿಂಗಳಲ್ಲಿ ಅವನಿಗೆ ಬೇರೆ ರಾಜ್ಯದಲ್ಲಿ ಕೆಲಸವಾಗಿ ಅವರು ಹೊರಟರು. ಹೊರಡುವ ಬೆಳಿಗ್ಗೆ ಅವಳು ಕೆಳಗೆ ಬಂದು ಗಿರಿಜಾಳನ್ನು ತಬ್ಬಿಕೊಂಡು ಬಹಳ ಹೊತ್ತು ಅತ್ತಳು. ಆಮೇಲೆ ನನ್ನ ಕಾಲು ಮುಟ್ಟಿದಳು.

"ಅಂಕಲ್, ನೀವು ಹೇಳದೇ ಇದ್ದಿದ್ರೆ ಗೊತ್ತಿಲ್ದೆ ಮಗೂನ ಕಟ್ಕೊಂಡು ಅಲ್ಲಿಗೆ ಹೋಗಿ ಒದ್ದಾಡ್ತಿದ್ವಿ. ಅಪ್ಪನ ಥರ ದಾರಿ ತೋರಿಸಿದ್ರಿ."

ಗಿರಿಜಾ ಗೋಡೆ ಹಿಡಿದುಕೊಂಡು ನಿಂತು ನನ್ನನ್ನೇ ನೋಡುತ್ತಿದ್ದಳು. ನನ್ನ ಕೈ ಆ ಹುಡುಗಿಯ ತಲೆಯ ಮೇಲಿತ್ತು. ಸುಖವಾಗಿರು ಅಂದೆ. ಕಾರು ತಿರುವಿನಲ್ಲಿ ಮರೆಯಾಯಿತು. ಗಿರಿಜಾ, "ಹೇಳ್ಲಿಲ್ಲ," ಎಂದಳು. ಒಳಗೆ ಹೋದಳು. ಆ ವಿಷಯವನ್ನು ಅವಳು ಮತ್ತೆ ಎತ್ತಲಿಲ್ಲ.

ಆಮೇಲೂ ಏಳು ವರ್ಷ ಗಿರಿಜಾ ಬದುಕಿದಳು. ಕೊನೆಯ ಬೇಸಿಗೆಯಲ್ಲಿ ಒಂದು ಸಂಜೆ ಅವಳ ಕಾಲು ನೀವುತ್ತ, ನನ್ನನ್ನು ಕ್ಷಮಿಸುತ್ತೀಯಾ ಎಂದು ಕೇಳಿದೆ. ಅವಳು ನನ್ನ ತಲೆ ಸವರಿದಳು. "ನನ್ನತ್ರ ಎಂತಕ್ ಕೇಂತ್ರಿ? ನಂಗೆ ಆ ಹೆಣ್ಣ್ ಎಲ್ಲ ಮಾಡಿತ್ತ್. ಕೇಣುದಿದ್ರೆ ಅದ್ರತ್ರ ಕೇಣಿ," ಅಂದಳು.

ಗಿರಿಜಾ ತೀರಿಕೊಂಡ ಸುದ್ದಿ ತಿಳಿದು ಆ ಹುಡುಗಿ ಫೋನ್ ಮಾಡಿದಳು. ಹತ್ತು ನಿಮಿಷ ಇಬ್ಬರೂ ಅತ್ತೆವು. ಚಿನ್ನು ಹೇಗಿದ್ದಾಳೆ ಎಂದು ಕೇಳಿದೆ. ಎತ್ತರ ಬೆಳೆದಿದ್ದಾಳೆ, ಈಜುತ್ತಾಳೆ ಎಂದಳು. "ಅವರಪ್ಪನ ಜೊತೆ ಮಾತ್ರ ಅಷ್ಟಕ್ಕಷ್ಟೆ ಅಂಕಲ್. ಜಗಳ ಏನಿಲ್ಲ. ಅವರು ರೂಮಿಗೆ ಬಂದ್ರೆ ಇವಳು ಎದ್ದು ನೀಟಾಗಿ ಕೂತ್ಕೋತಾಳೆ, ನೆಂಟರು ಬಂದ ಹಾಗೆ. ಶ್ರೀ ಏನೂ ಅನ್ನಲ್ಲ. ನೋಡ್ತಾರೆ ಅಷ್ಟೆ." ಆ ಕಡೆ ಫೋನು ಮೌನವಾಯಿತು. ನಾನು ಹೇಳಲೆಂದೇ ಯಾರೋ ಬಿಟ್ಟುಕೊಟ್ಟ ಜಾಗದಂತಿತ್ತು. ಬಾಯಿ ತೆರೆದೆ. "ಊಟ ಆಯ್ತಾ?" ಎಂದು ಕೇಳಿದೆ.

ಆಗ ಮನೆಯಲ್ಲಿ ಕಾಯಿಲೆಯಿತ್ತು, ಬಡತನವಿತ್ತು, ಹೆಂಡತಿಗಾಗಿ ಮಾಡಿದೆ ಎಂದು ಯಾರಾದರೂ ನನ್ನ ಪರವಾಗಿ ಹೇಳಬಹುದು. ಹೇಳಬೇಡಿ. ಇಲ್ಲೇ ಇರು, ನನಗೆ ನಿನ್ನ ಸಹಾಯ ಬೇಕು ಎಂದು ಅವಳಲ್ಲಿ ನೇರವಾಗಿ ಕೇಳಬಹುದಿತ್ತು. ಕೇಳಿದ್ದರೆ ಅವಳು ಗಂಡನ ಹತ್ತಿರ ಹೋಗುವ ಮೊದಲು ನಮಗೊಂದು ದಾರಿ ಮಾಡಿಯೇ ಹೋಗುತ್ತಿದ್ದಳು. ಅಂಥವಳು ಅವಳು. ಅದು ನನಗೆ ಆಗಲೂ ಗೊತ್ತಿತ್ತು.

ಇದು ಎಲ್ಲಾದರೂ ಅಚ್ಚಾಗಿ ಅವಳ ಕಣ್ಣಿಗೆ ಬಿದ್ದರೆ ಶ್ರೀಧರನಿಗೂ ಓದಿ ಹೇಳಲಿ. ಮೊಸರು ಅಲ್ಲಿ ಆಗುತ್ತಿತ್ತು ಮಗಾ. ತೆಂಗಿನಕಾಯಿ ಸಿಗುತ್ತಿತ್ತು, ಬಾಡಿಗೆ ಸಾಲುತ್ತಿತ್ತು, ಆ ತಾರಸಿಯ ಮನೆಯಲ್ಲಿ ನೀವು ಮೂವರೂ ಸುಖವಾಗಿ ಇರಬಹುದಿತ್ತು. ಮಗಾ, ಮಗಾ ಎಂದು ಕರೆದೇ ಎರಡು ವರ್ಷ ದುಡಿಸಿಕೊಂಡೆ; ಒಮ್ಮೆಯೂ ಹೆಸರು ಹಿಡಿದು ಕರೆಯಲಿಲ್ಲ. ತಪ್ಪಾಯಿತು ಎನ್ನುವುದನ್ನು ಹೆಸರು ಹಿಡಿದೇ ಹೇಳಬೇಕು.

ತಪ್ಪಾಯಿತು, ಮಂಜುಳಾ.